ಗಟ್ಟಿ ಆಕ್ಸಲ್ಲಿನ ಜೀಪು

“ಗುರುಗಳೇ, ನನ್ನ ಜೊತೆಗಾರನನ್ನು ಬೇರೆ ಮಠಕ್ಕೆ ಕಳಿಸಬಾರದೇ?” ಎಂದು ಶಿಷ್ಯನೊಬ್ಬ ಕೇಳಿದ. “ಮೊದಲು ನಾನು ಮಾತಿಗೊಮ್ಮೆ ತಪ್ಪುತ್ತಿದ್ದೆ, ಅವನು ತಿದ್ದುತ್ತಿದ್ದ. ಈಗ ನನ್ನ ಓದು ಗಟ್ಟಿಯಾಗಿದೆ, ಮನಸ್ಸೂ ಗಟ್ಟಿಯಾಗಿದೆ. ಆದರೂ ನಾನು ಬಾಯಿ ತೆರೆಯುವ ಮೊದಲೇ ‘ಸ್ವಲ್ಪ ತಾಳು’ ಎನ್ನುತ್ತಾನೆ. ಇನ್ನೂ ನನಗೆ ಅವನು ಬೇಕೇ?”

“ಕಳಿಸುವುದೇನು ಮಹಾ ಕೆಲಸ? ನಾಳೆ ಬೆಳಿಗ್ಗೆಯೇ ಕಳಿಸೋಣ” ಎಂದರು ಗುರುಗಳು. “ಅದಕ್ಕೆ ಮೊದಲು ಒಂದು ಜೀಪಿನ ಕತೆ ಕೇಳು.”

ಬೆಟ್ಟದ ಮೇಲಿನ ಒಂದು ಊರಿನಲ್ಲಿ ಒಬ್ಬ ಜೀಪಿನವನಿದ್ದ. ಅವನಿಗೊಬ್ಬ ತಮ್ಮ. ಅಪ್ಪ ಅಮ್ಮ ಬೇಗ ಹೋಗಿದ್ದರು, ಒಬ್ಬರಿಗೊಬ್ಬರು ಅಷ್ಟೇ. ಮೇಲಿನ ಊರಿಗೆ ಅಕ್ಕಿ ಉಪ್ಪು ತರುವುದು, ಕಾಯಿಲೆಯವರನ್ನು ಪೇಟೆಗೆ ಇಳಿಸುವುದು ಇವರ ಕೆಲಸ. ದಾರಿಗೆ ಅಡ್ಡವಾಗಿ ಒಂದು ಹಳ್ಳ ಹರಿಯುತ್ತಿತ್ತು. ಅದಕ್ಕೆ ಸೇತುವೆ ಇರಲಿಲ್ಲ.

ಜೀಪು ಹೇಳಿ ಕೇಳಿ ಹಳೆಯದು. ಒಂದು ಚಕ್ರ ಕೆಸರಿನಲ್ಲಿ ಜಾರಿತೆಂದರೆ ಅದೊಂದೇ ಗಿರಗಿರ ತಿರುಗುವುದು, ಇನ್ನೊಂದು ಸುಮ್ಮನೆ ನಿಲ್ಲುವುದು. ಜೋರು ಮಾಡಿದರೆ ಚಕ್ರಗಳನ್ನು ತಿರುಗಿಸುವ ಆಕ್ಸಲ್ ಮುರಿಯುವುದು. ಹಾಗಾಗಿ ಹಳ್ಳದ ದಡದಲ್ಲಿ ದಿನಾ ಒಂದು ಪದ್ಧತಿ. ಜೀಪು ನಿಲ್ಲುತ್ತಿತ್ತು. ತಮ್ಮ ಪಂಚೆ ಎತ್ತಿ ಕಟ್ಟಿ, ಬರಿಗಾಲಿನಲ್ಲಿ ನೀರಿಗಿಳಿದು ಆಚೆ ದಡದವರೆಗೆ ತಳ ತಡವಿ ಬರುತ್ತಿದ್ದ. ಕೈ ಬೀಸಿದರೆ ಹೊರಡಬೇಕು. ‘ಇವತ್ತು ಬೇಡಣ್ಣ’ ಎಂದರೆ ಎಷ್ಟೇ ಅವಸರವಿದ್ದರೂ ಹಿಂದಿರುಗಬೇಕು. ಅಣ್ಣ ಗೊಣಗುತ್ತಿದ್ದ, ಬೈಯುತ್ತಿದ್ದ, ಆದರೆ ಹಿಂದಿರುಗುತ್ತಿದ್ದ. ಮೀರಿ ಹೋದರೆ ಜೀಪು ದಡದ ಕೆಸರಿನಲ್ಲೇ ಕೂರುತ್ತದೆಂದು ಅವನಿಗೂ ಗೊತ್ತಿತ್ತು.

ಒಂದು ಬೇಸಿಗೆಯಲ್ಲಿ ಅವನು ಪೇಟೆಯ ಗ್ಯಾರೇಜಿನಲ್ಲಿ ಹಿಂದೆ ಮುಂದೆ ಎರಡೂ ಕಡೆ ದಪ್ಪ ಆಕ್ಸಲ್ ಹಾಕಿಸಿದ. ಲಾಕರನ್ನೂ ಕೂರಿಸಿದ. ಲಾಕರ್ ಎಂದರೆ ಎರಡು ಚಕ್ರಗಳನ್ನು ಒಂದಕ್ಕೊಂದು ಬಿಗಿಯುವ ಸಾಧನ. ಒಂದು ಜಾರಿದರೂ ಇನ್ನೊಂದು ಬಿಡದೆ ಎಳೆಯುತ್ತದೆ. ಊರಿನವರು ಮೂಗಿಗಿಂತ ಮೂಗುತಿ ಭಾರ ಎಂದು ನಕ್ಕರು. ನಗಲಿ ಬಿಡು. ಹಿಂದೆ ಹತ್ತು ಜನ ತಳ್ಳಿದರೂ ಅಲುಗದ ಕಡೆ ಆ ಜೀಪು ಒಂದೇ ಏಟಿಗೆ ಹತ್ತಿತು. ಅಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಾರನೆಯ ದಿನ ಹಳ್ಳದ ಬಳಿ ತಮ್ಮ ಎಂದಿನಂತೆ ಇಳಿದು ಪಂಚೆ ಕಟ್ಟತೊಡಗಿದ.

“ಹತ್ತೋ ಮಾರಾಯ” ಎಂದ ಅಣ್ಣ. “ಇನ್ನು ನಿನ್ನ ಕಾಲಿನ ಕೆಲಸ ಮುಗಿಯಿತು. ಆಕ್ಸಲ್ ನೋಡಿಕೊಳ್ಳುತ್ತದೆ.”

ಅಣ್ಣ ತಮಾಷೆಗೇ ಹೇಳಿದ್ದು. ತಮ್ಮನೂ ನಕ್ಕ, ಪಂಚೆ ಬಿಟ್ಟು ಹತ್ತಿ ಕೂತ. ಆಮೇಲೆ ಅವನು ಇಳಿಯಲೇ ಇಲ್ಲ. ಬೇಸಿಗೆಯುದ್ದಕ್ಕೂ ಜೀಪು ನಿಲ್ಲದೆ ದಾಟಿತು.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಇಬ್ಬರೇ ಅಕ್ಕಿ ಮೂಟೆ ಹೇರಿಕೊಂಡು ಬರುತ್ತಿದ್ದರು. ಹಳ್ಳ ಕೆಂಪಗೆ ಹರಿಯುತ್ತಿತ್ತು. ಅಣ್ಣ ಒಂದು ಕ್ಷಣ ವೇಗ ತಗ್ಗಿಸಿ ಪಕ್ಕಕ್ಕೆ ನೋಡಿದ. ತಮ್ಮ ನೀರನ್ನೇ ನೋಡುತ್ತಿದ್ದ, ಏನೂ ಹೇಳಲಿಲ್ಲ. ಸುಮ್ಮನಿದ್ದಾನೆಂದರೆ ಅಡ್ಡಿಯಿಲ್ಲ ಎಂದುಕೊಂಡು ಅಣ್ಣ ಲಾಕರ್ ಹಾಕಿ ಮುಂದೆ ಬಿಟ್ಟ.

ದಡದ ಕೆಸರಿನಲ್ಲಿ ಜೀಪು ಕೂರಲಿಲ್ಲ. ಹಳೆಯ ಆಕ್ಸಲ್ಲಾಗಿದ್ದರೆ ಅಲ್ಲೇ ಕೂತು, ಇಬ್ಬರೂ ಮೊಣಕಾಲುದ್ದ ನೀರಿಗೆ ಇಳಿದು, ಒಬ್ಬರನ್ನೊಬ್ಬರು ಬೈದುಕೊಂಡು ಮನೆಗೆ ಹೋಗುತ್ತಿದ್ದರು. ಇದು ಜಗ್ಗದೆ ನಡುಹಳ್ಳದವರೆಗೆ ಒಯ್ದಿತು. ಅಲ್ಲಿ ನಾಲ್ಕು ಚಕ್ರಗಳೂ ಒಟ್ಟಿಗೆ ತಿರುಗುತ್ತಿದ್ದವು, ಕೆಳಗೆ ನೆಲವೇ ಇರಲಿಲ್ಲ. ಜೀಪು ಮಗುಚಿತು. ಅಣ್ಣನ ಕೈಗೆ ಒಂದು ಬೇರು ಸಿಕ್ಕಿತು. ತಮ್ಮ ಸಿಕ್ಕಿದ್ದು ಸಂಜೆ, ಎರಡು ತಿರುವು ಕೆಳಗೆ. ಊರಿನವರೇ ಎತ್ತಿ ತಂದರು.

ನೀರಿಳಿದ ಮೇಲೆ ಅಣ್ಣ ಜೀಪನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋದ. “ಆಕ್ಸಲ್ ಬಿಚ್ಚು, ಲಾಕರ್ ಬಿಚ್ಚು, ಎಲ್ಲಿ ಮುರಿದಿದೆ ತೋರಿಸು” ಎಂದ. ಮೇಸ್ತ್ರಿ ಎಲ್ಲವನ್ನೂ ಬಿಚ್ಚಿ, ತೊಳೆದು, ಗೋಣಿಚೀಲದ ಮೇಲೆ ಇಟ್ಟ. ಇವನು ಗೇರಿನ ಒಂದೊಂದು ಹಲ್ಲನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಒಂದಾದರೂ ಮುರಿದಿರಲೆಂದು ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದ. ಪಾಪ, ಅವನಿಗೆ ಬೈಯಲು ಏನಾದರೂ ಬೇಕಿತ್ತು.

“ಯಾವುದೂ ಕೈಕೊಟ್ಟಿಲ್ಲ ಯಜಮಾನರೇ, ಎಲ್ಲ ಹೊಸದರ ಹಾಗೇ ಇದೆ” ಎಂದ ಮೇಸ್ತ್ರಿ.

ಜೀಪಿನವನು ಅಲ್ಲೇ ಎಣ್ಣೆಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಮತ್ತೆ ಆ ಜೀಪನ್ನು ಜೋಡಿಸು ಎಂದು ಅವನು ಹೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ.

“ಗುರುಗಳೇ, ಅಷ್ಟು ವರ್ಷ ಆ ಹಳ್ಳ ತುಳಿದ ತಮ್ಮನಿಗೆ ನೀರು ಕಂಡ ಕೂಡಲೇ ಗೊತ್ತಾಗಿರಬೇಕು. ಅವನೇಕೆ ಅಣ್ಣನನ್ನು ತಡೆಯಲಿಲ್ಲ?”

“ಬೇಡವೆನಿಸಿಕೊಂಡವನು ಎಚ್ಚರಿಸುವುದಿಲ್ಲ ಮಗು, ಪ್ರೀತಿಯಿದ್ದರೆ ಜೊತೆಗೆ ಮುಳುಗುತ್ತಾನೆ.”