ಎದುರಾಡದ ದಾದಿ

"ಬುದ್ಧೀ, ರೋಗಿಯ ಸೇವೆ ಮಾಡುವುದು ನಮ್ಮ ಧರ್ಮ. ಅವರ ಪರವಾಗಿ ವೈದ್ಯರ ಎದುರು ಮಾತಾಡುವುದೂ ನಮ್ಮ ಕೆಲಸವೇ?"

ಮಠದ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಸರ್ವಮಂಗಳ ಗುರುಗಳನ್ನು ಹೀಗೆ ಕೇಳಿದಳು. ಗುರುಗಳ ಮುಖ ಬಿಗಿಯಿತು. ಅವರು ಈ ಕತೆ ಹೇಳಿದರು.

ಒಂದು ಊರಿನ ಆಸ್ಪತ್ರೆಯಲ್ಲಿ ಒಬ್ಬಳು ದಾದಿ ಇದ್ದಳು. ಯಾರಿಗೂ ಗಡುಸಾಗಿ ಒಂದು ಮಾತು ಆಡಿದವಳಲ್ಲ. ಎಲ್ಲರೂ ಅವಳನ್ನು ಒಳ್ಳೆಯವಳು ಎನ್ನುತ್ತಿದ್ದರು.

ಅಲ್ಲಿಗೆ ಒಬ್ಬ ಹೆಂಗಸು ಹೆರಿಗೆಗೆ ಬಂದಳು. ಬೆಳಿಗ್ಗೆ ಹೆಣ್ಣು ಮಗು ಹುಟ್ಟಿತು. ಮಧ್ಯಾಹ್ನ ಬಾಣಂತಿ ಹೊಟ್ಟೆ ಹಿಡಿದುಕೊಂಡು ನರಳತೊಡಗಿದಳು. ವೈದ್ಯ ಬಾಗಿಲಲ್ಲೇ ನಿಂತು, "ಹೆತ್ತ ಮೇಲೆ ನೋವು ಇಲ್ಲದೆ ಇರುತ್ತದೆಯೇ? ಸುಮ್ಮನೆ ನಾಟಕ," ಎಂದು ಹೊರಟುಹೋದ.

ದಾದಿ ಹಾಸಿಗೆಯ ಬಟ್ಟೆ ಬದಲಿಸಿದಳು. ಅದೂ ರಕ್ತದಲ್ಲಿ ನೆನೆಯಿತು. ಮತ್ತೆ ಬದಲಿಸಿದಳು. ನಾಡಿ ಓಡುತ್ತಿತ್ತು, ತುಟಿ ಬಿಳಿಚಿತ್ತು. ಇದು ಬರಿಯ ನೋವಲ್ಲ ಎಂದು ಅವಳಿಗೆ ತಿಳಿಯಿತು.

"ಅಕ್ಕಾ, ನಾನು ಹೇಳಿದರೆ ಅವರು ಕೇಳುವುದಿಲ್ಲ. ನೀವಾದರೂ ಹೇಳಿ," ಎಂದಳು ಬಾಣಂತಿ.

ದಾದಿ ವೈದ್ಯನ ಕೋಣೆಯ ತನಕ ಹೋದಳು. ಹಿಂದೆ ಹೀಗೆ ಹೇಳಲು ಹೋದ ಇನ್ನೊಬ್ಬ ದಾದಿಯನ್ನು ಅವನು ಎಲ್ಲರ ಮುಂದೆ, "ಇಲ್ಲಿ ಡಾಕ್ಟರು ನಾನೋ ನೀನೋ?" ಎಂದು ಬೈದದ್ದು ನೆನಪಾಯಿತು. ಒಳಗೆ ಅವನು ಯಾರೊಂದಿಗೋ ನಗುತ್ತಾ ಕಾಫಿ ಕುಡಿಯುತ್ತಿದ್ದ. ಅವಳು ಬಾಗಿಲು ತಟ್ಟಲಿಲ್ಲ. ವಾಪಸು ಬಂದು ಬಾಣಂತಿಯ ಹಣೆ ಒರೆಸಿದಳು.

"ಡಾಕ್ಟರು ನೋಡಿದ್ದಾರಲ್ಲಮ್ಮ, ಹೆದರಬೇಡ," ಎಂದಳು. ಕೈ ಹಿಡಿದುಕೊಂಡು ಪಕ್ಕದಲ್ಲೇ ಕುಳಿತಳು.

ದೀಪ ಹಚ್ಚುವ ಹೊತ್ತಿಗೆ ಆ ಕೈ ತಣ್ಣಗಾಯಿತು.

ಸತ್ತವಳ ತಾಯಿ ಮೊಮ್ಮಗಳನ್ನು ಎದೆಗವಚಿಕೊಂಡು ಬಂದು ದಾದಿಯ ಕಾಲು ಮುಟ್ಟಿದಳು. "ನೀವೊಬ್ಬರೇ ತಾಯಿ, ನನ್ನ ಮಗಳನ್ನು ಬಿಟ್ಟುಹೋಗದವರು," ಎಂದು ಅತ್ತಳು. ದಾದಿ ಆಗಲೂ ನಿಜ ಹೇಳಲಿಲ್ಲ. ಆ ನಮಸ್ಕಾರವನ್ನು ತೆಗೆದುಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಸರ್ವಮಂಗಳ ಕಣ್ಣು ಒರೆಸಿಕೊಂಡಳು.

"ಆ ವೈದ್ಯ ಮನುಷ್ಯನೇ ಅಲ್ಲ, ಬುದ್ಧೀ. ಅವನೇ ಅವಳನ್ನು ಕೊಂದ. ಪಾಪ, ಆ ದಾದಿ ತಾನೇ ಏನು ಮಾಡಿಯಾಳು?"

ಎಂದೂ ಏರದ ಗುರುಗಳ ಧ್ವನಿ ಏರಿತು.

"ಅವನು ನೋಡದೆ ಕೊಂದ, ಅವಳು ನೋಡುತ್ತಾ ಕುಳಿತು ಕೊಂದಳು."