ದ್ಯಾಮಣ್ಣ ಬಾಣಂತಿ ಮನೆ ಕಾದದ್ದು

ಒಂದೂರಲ್ಲಿ ಫಕೀರವ್ವ ಅಂತ ಒಬ್ಬಳಿದ್ದಳು. ಅವಳಿಗೆ ದ್ಯಾಮಣ್ಣ ಅಂತ ಒಬ್ಬ ಮಗ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು. ಹಾಗಂತ ಕೆಟ್ಟವನೇನಲ್ಲ. ಹೇಳಿದ ಮಾತು ಒಂದನ್ನೂ ಮೀರುತ್ತಿರಲಿಲ್ಲ. ಅದೇ ತಾಪತ್ರಯ! ಮಾತು ಕೇಳದ ಮಕ್ಕಳನ್ನು ಹೆತ್ತವರು ಊರ ತುಂಬ ಇದ್ದರು. ಮಾತು ಕೇಳುವ ಮಗನನ್ನು ಹೆತ್ತು ಹಣೆ ಹಣೆ ಚಚ್ಚಿಕೊಂಡವಳು ಫಕೀರವ್ವ ಒಬ್ಬಳೇ.

ಅವಳ ಮಗಳು ನೀಲವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ತಾಯಿ ಚೊಕ್ಕ, ಕೂಸು ಚೊಕ್ಕ. ಆದರೆ ಹಾಲು ಇನ್ನೂ ಸರಿಯಾಗಿ ಇಳಿದಿರಲಿಲ್ಲ. ಕೂಸು ‘ಕುಂಯ್’ ಎಂದರೆ ಸಾಕು, ಫಕೀರವ್ವನ ಎದೆ ಧಸಕ್ ಅನ್ನುತ್ತಿತ್ತು. ಯಾಕೆಂದರೆ ಬೀಗತಿ ಚೆನ್ನವ್ವ ಹೇಳಿ ಕಳಿಸಿದ್ದಳು: “ಕೂಸಿನ ಮಾರಿ ನೋಡಾಕ ಬರ್ತೀನಿ. ಸೊರಗಿದ್ರ ಡಬ್ಬಿ ಹಾಲು ಶುರು ಮಾಡೂದಽ!” ತವರು ಮನೆಯಲ್ಲಿ ಬಾಣಂತನ ಮಾಡಿಸಿಕೊಂಡ ಮಗಳ ಕೂಸು ಡಬ್ಬಿ ಹಾಲು ಕುಡಿದರೆ ತವರಿನ ಮಾನ ಉಳಿಯುತ್ತದೆಯೇ? ಬೀಗತಿ ಬರುವುದರೊಳಗೆ ಮಗಳಿಗೆ ಹಾಲು ಇಳಿಯಬೇಕು. ಫಕೀರವ್ವನಿಗೆ ಕೂತಲ್ಲಿ ನಿಂತಲ್ಲಿ ಅದೇ ಚಿಂತೆ.

ಮಗನನ್ನು ಕರೆದಳು. “ಲೇ ದ್ಯಾಮಾ, ಸಂತಿಗೆ ಹೋಗು. ಅಂಟು, ಉತ್ತತ್ತಿ, ಕೊಬ್ಬರಿ, ಬೆಲ್ಲ ತಾ. ಅಂಟಿನುಂಡಿ ಕಟ್ಟಬೇಕು. ಬಾಣಂತಿ ಸಾಮಾನದು, ಯಾರ ಕಣ್ಣಿಗೂ ಬೀಳಬಾರದು ನೋಡು!”

“ಆತಬೇ ಯವ್ವಾ!”

ಹೋದ. ಎಲ್ಲಾ ಕೊಂಡ. ಬಿಸಿಲು ಏರಿದ ಮೇಲೆ ಬರಿಗೈ ಬೀಸಿಕೊಂಡು ಬಂದ.

“ಸಾಮಾನು ಎಲ್ಲಿ ಅದಾವಲೇ?”

“ತಿಪ್ಪಿಯಾಗ ಹುಗದು ಬಂದೀನಿ. ಯಾರ ಕಣ್ಣಿಗೂ ಬೀಳಬಾರದು ಅಂದ್ಯಲ್ಲಬೇ?”

“ಅಯ್ಯ ನನ ಕರ್ಮ! ಯಾವ ತಿಪ್ಪಿ?”

“ಅದು ನನಗೆಂಗ ಗೊತ್ತು? ನನ್ನ ಕಣ್ಣಿಗೂ ಬೀಳಬಾರದಲ್ಲ? ಕಣ್ಣು ಮುಚ್ಚಿಕೊಂಡಽ ಹುಗದೆ!”

ಊರ ಸುತ್ತ ತಿಪ್ಪೆಗಳಿಗೇನು ಬರಗಾಲ? ಫಕೀರವ್ವ ನಾಲ್ಕಾರು ತಿಪ್ಪೆ ಕೆದರಿದಳು. ಕೋಳಿಗಳು ಜಗಳಕ್ಕೆ ಬಂದವು. ಉತ್ತತ್ತಿ ಸಿಗಲಿಲ್ಲ. ಕೈ ತೊಳೆದುಕೊಂಡು ಬಂದು ಬೈದಳು.

“ಹುಚ್ಚಪ್ಯಾಲಿ! ಬಾಣಂತಿಗೆ ಬೇಕಾದ್ದನ್ನ ಹುಗೀತಾರೇನು? ಕಂಬಳಿಯಾಗ ಬೆಚ್ಚಗ ಸುತ್ತಿ, ಎದಿಗೆ ಅವಚಿಕೊಂಡು, ಹಾದ್ಯಾಗ ಎಲ್ಲೂ ಕೆಳಗ ಇಡದಂಗ ತರಬೇಕು. ತಿಳೀತೇನು?”

“ತಿಳೀತಬೇ ಯವ್ವಾ!”

ಮರುದಿನ ಕೂಸು ಮತ್ತೆ ರಚ್ಚೆ ಹಿಡಿಯಿತು. “ಹಾಲು ಸಾಲವಲ್ದು, ಹಾಲು ಸಾಲವಲ್ದು” ಎಂದು ಫಕೀರವ್ವ ಒಳಗೂ ಹೊರಗೂ ತಿರುಗಿದಳು. ಕೆಳಗಿನ ಓಣಿಯಲ್ಲಿ ಸಂಗವ್ವ ಅಂತ ಒಬ್ಬಳು ಮುದುಕಿ ಇದ್ದಳು. ಕೂಸಿಗೆ ಎಣ್ಣೆ ತಿಕ್ಕಿ ಎರೆಯುವುದರಲ್ಲಿ, ಮೊಲೆ ಹಿಡಿಯುವುದನ್ನು ಕಲಿಸುವುದರಲ್ಲಿ ಅವಳದು ಪಳಗಿದ ಕೈ.

“ದ್ಯಾಮಾ, ಬಾಣಂತಿಗೆ ಸಂಗವ್ವ ಬೇಕಾಗ್ಯಾಳ, ಲಗೂನ ಕರಕೊಂಡು ಬಾ!”

ಬಾಣಂತಿಗೆ ಬೇಕಾದ್ದು! ದ್ಯಾಮಣ್ಣ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ. ಸಂಗವ್ವ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದಳು. ಒಂದು ಮಾತಿಲ್ಲ, ಕತೆಯಿಲ್ಲ. ಕಂಬಳಿ ಬಿಚ್ಚಿದ, ಮುದುಕಿಯನ್ನು ಸುತ್ತಿದ, ಎದೆಗೆ ಅವಚಿಕೊಂಡ, ನಡೆದ!

“ಅಯ್ಯಯ್ಯೋ! ಬಿಡಲೇ! ಇಳಸಲೇ!” ಮುದುಕಿ ಕಾಲು ಝಾಡಿಸಿದಳು.

“ಹಾದ್ಯಾಗ ಎಲ್ಲೂ ಇಡಬಾರದಂತ ಆಯೀ, ಸುಮ್ಮಕಿರು.”

ಅಂಗಡಿಯವರು ಎದ್ದು ನಿಂತು ನೋಡಿದರು. ನಾಯಿಗಳು ಬೆನ್ನು ಹತ್ತಿದವು. ಮನೆಯೊಳಗೆ ತಂದು ನೀಲವ್ವನ ಮಗ್ಗುಲಲ್ಲಿ ಇಳಿಸಿದಾಗ ಸಂಗವ್ವನ ಬಾಯಲ್ಲಿದ್ದ ಎಲೆ ಅಡಿಕೆ ಗಂಟಲಿಗೆ ಇಳಿದಿತ್ತು.

“ಎದಿಗೆ ಅವಚಿಕೋಬೇಕಾದ್ದು ಕೂಸನ್ನಲೇ, ನನ್ನನ್ನಲ್ಲ! ನೀಲವ್ವಾ, ಕೂಸನ್ನ ಹೊಟ್ಟಿಗೆ ಹೊಟ್ಟಿ ತಾಗುವಂಗ ಹಿಡಿ, ಬಾಯಿ ಅಗಲ ತಗದಾಗ ಹಚ್ಚು, ಕೇಳಿದಾಗೆಲ್ಲಾ ಕುಡಿಸು!” ಇಷ್ಟು ಹೇಳಿ ಮುದುಕಿ ಕಂಬಳಿ ಕೊಡವಿ ಎಸೆದು ಹೊರಟೇ ಹೋದಳು. ಹೇಳಿದ್ದು ಬಂಗಾರದಂಥ ಮಾತು. ಆದರೆ ಬೈಗುಳದ ಜೊತೆ ಬಂದ ಬುದ್ಧಿಮಾತನ್ನು ಯಾರು ಕೇಳುತ್ತಾರೆ?

ಫಕೀರವ್ವ ಕೇಳಲಿಲ್ಲ, ಮಗನನ್ನು ಬೈಯುವುದರಲ್ಲಿದ್ದಳು. “ಹಿರಿಯರನ್ನ ಹೊತ್ಕೊಂಡು ಬರ್ತಾರೇನಲೇ ಕೋಣಾ? ಮನಿ ಮುಂದ ಯಾರೇ ಬರ್ಲಿ, ಕೈಮುಗೀಬೇಕು. ‘ಬರ್ರಿ, ಒಳಗ ಬರ್ರಿ’ ಅನ್ನಬೇಕು. ಅವರು ಹೆಂಗ ಹೇಳತಾರೋ ಹಂಗ ಮಾಡಬೇಕು!”

“ಆತಬೇ ಯವ್ವಾ!”

ಹಾಲು ಇಳಿಯಲಿ ಅಂತ ಸಬ್ಬಸಿಗೆ ಸೊಪ್ಪು ತರಲು ಫಕೀರವ್ವ ತೋಟದ ಕಡೆ ಹೋದಳು. ಹೋಗುವ ಮುಂಚೆ ಮಗಳಿಗೆ ಊಟ ಬಡಿಸಿಟ್ಟಿದ್ದಳು: ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಬೇಳೆ, ಅನ್ನ, ಮಜ್ಜಿಗೆ, ತಂಬಿಗೆ ತುಂಬ ನೀರು. ನೀಲವ್ವ ಬೆಳಗಿನಿಂದ ಹಸಿದಿದ್ದಳು. ಕೈ ತೊಳೆದಳು.

ಅಷ್ಟರಲ್ಲಿ ಮನೆ ಮುಂದೆ ಬಳೆಗಾರ್ತಿ ಬಂದಳು. ದ್ಯಾಮಣ್ಣ ಕೈಮುಗಿದ. “ಬರ್ರಿ, ಒಳಗ ಬರ್ರಿ!” ಮೊಸರಿನವಳು ಬಂದಳು. “ಬರ್ರಿ, ಒಳಗ ಬರ್ರಿ!” ನೀರಿಗೆ ಹೊರಟವರು, ಬೀಸಲು ಹೊರಟವರು, ಎಲ್ಲಿಗೂ ಹೊರಡದೆ ನಿಂತವರು, ಎಲ್ಲರಿಗೂ ಕೈಮುಗಿದ. ದಾರಿ ತಪ್ಪಿ ಬಂದ ಒಂದು ಆಡಿಗೂ ಕೈಮುಗಿದ. ಕೋಣೆ ತುಂಬಿತು.

ಎಲ್ಲರೂ ಕೂಸನ್ನು ಬಗ್ಗಿ ನೋಡಿದರು. ಎಲ್ಲರೂ ಲೊಚಗುಟ್ಟಿದರು. “ಹಾಲು ಸಾಲವಲ್ದು ಕಾಣತೈತಿ!” ಆಮೇಲೆ ಎಲ್ಲರ ಕಣ್ಣೂ ತಟ್ಟೆಗೆ ಬಿತ್ತು.

“ಯವ್ವಾ, ಬದನಿಕಾಯಿ! ಕೂಸಿಗೆ ತುರಿ ಏಳತಾವ!”

ದ್ಯಾಮಣ್ಣ ಪಲ್ಯ ಎತ್ತಿದ.

“ಬ್ಯಾಳಿ ತಿಂದ್ರ ಕೂಸಿಗೆ ಹೊಟ್ಟಿ ಉಬ್ಬರಾ!”

ಬೇಳೆ ಎತ್ತಿದ.

“ಅನ್ನ ತಂಪು! ಮಜ್ಜಿಗಿ ಅದಕ್ಕಿಂತ ತಂಪು!”

ಅದನ್ನೂ ಎತ್ತಿದ, ಇದನ್ನೂ ಎತ್ತಿದ.

“ಹಸೀ ಬಾಣಂತಿ ರೊಟ್ಟಿ ಅರಗಿಸಿಕೊಂತಾಳೇನು?”

ನೀಲವ್ವನ ಕೈಯಲ್ಲಿದ್ದ ತುತ್ತಿನ ಸಮೇತ ರೊಟ್ಟಿ ಎತ್ತಿದ.

“ನೀರು ಕುಡಿಸಬ್ಯಾಡ್ರಿ, ಬಾಣಂತಿ ಹೊಟ್ಟಿ ಬರತೈತಿ!”

ತಂಬಿಗೆಯೂ ಹೋಯಿತು. ದ್ಯಾಮಣ್ಣ ಖಾಲಿ ತಟ್ಟೆಯನ್ನು ಅಂಗಿಯ ತುದಿಯಿಂದ ಚೊಕ್ಕ ಒರೆಸಿ ತಂಗಿಯ ಮುಂದೆ ಸರಿಸಿದ. “ಉಣ್ಣು ತಂಗಿ. ಇದಕ್ಕ ಯಾರೂ ಏನೂ ಅಂದಿಲ್ಲ.”

ಅಷ್ಟು ಮಂದಿಯಲ್ಲಿ ಯಾವ ಸಲಹೆಯನ್ನೂ ಕೊಡದೆ ನಿಂತದ್ದು ಆಡು ಒಂದೇ. ರೊಟ್ಟಿ ತಿಂದದ್ದೂ ಅದೇ.

ಫಕೀರವ್ವ ಸೊಪ್ಪು ಹಿಡಿದು ಬಂದಾಗ ಕೂಸು ಅಳುತ್ತಿತ್ತು, ಕೂಸಿನ ತಾಯಿಯೂ ಅಳುತ್ತಿದ್ದಳು. ಮಂದಿಯನ್ನೆಲ್ಲ ಹೊರಗೆ ಕಳಿಸಿದ್ದಾಯಿತು, ಆಡನ್ನು ಬಾಲ ಹಿಡಿದು ಎಳೆದದ್ದಾಯಿತು. ನೀಲವ್ವ ಬಿಕ್ಕುತ್ತಾ ಅಂದಳು: “ಯವ್ವಾ, ಹೊಟ್ಟಿಗೆ ಕೂಳಿಲ್ಲ, ಕಣ್ಣಿಗೆ ನಿದ್ದಿ ಇಲ್ಲ. ಬಂದವರೆಲ್ಲಾ ‘ಹಾಲು ಸಾಲವಲ್ದು’ ಅಂತಾರ. ಆ ಮಾತು ಕಿವಿಗೆ ಬಿದ್ದಕೂಡಲೇ ಇದ್ದ ಹಾಲೂ ಹಿಂದಕ್ಕ ಸರದಂಗ ಆಗತೈತಿ.”

ಹೆತ್ತ ಕರುಳು. ಫಕೀರವ್ವನಿಗೆ ಕಣ್ಣಲ್ಲಿ ನೀರು ಬಂತು, ಆಮೇಲೆ ಸಿಟ್ಟು ಬಂತು, ಸಿಟ್ಟು ಮಗನ ಮೇಲೆ ಬಿತ್ತು.

“ಲೇ ಎಬಡಾ! ಕಂಡಕಂಡವರನ್ನ ಒಳಗ ಬಿಟ್ಟು ನನ್ನ ಮಗಳನ್ನ ಅಳಿಸ್ತೀಯೇನು? ಇನ್ನ ಮ್ಯಾಲೆ ‘ಹಾಲು ಸಾಲವಲ್ದು’ ಅನ್ನೂ ಮಾತು ಯಾರ ಬಾಯಿಂದ ಬಂತೋ, ಅವರು ಯಾರೇ ಇರ್ಲಿ, ಹೊರಗ ಹಾಕಿ ಚಿಲಕ ಹಾಕಬೇಕು! ತಿಳೀತೇನು?”

“ಯಾರೇ ಇರ್ಲಿ?”

“ಯಾರೇ ಇರ್ಲಿ!”

“ತಿಳೀತಬೇ ಯವ್ವಾ!”

ಮರುದಿನ ಬೀಗತಿ ಚೆನ್ನವ್ವ ಬಂದೇಬಿಟ್ಟಳು. ಕಂಕುಳಲ್ಲಿ ಹಾಲಿನ ಪುಡಿಯ ಡಬ್ಬಿ, ಕೈಯಲ್ಲಿ ಬಾಟಲಿ. ಮೊಮ್ಮಗಳನ್ನು ನೋಡಿದಳು, ಮೂಗು ಮುರಿದಳು. “ನಾ ಹೇಳಿದ್ದಿಲ್ಲೇನು? ಹಾಲು ಸಾಲವಲ್ದು!”

ದ್ಯಾಮಣ್ಣ ಎದ್ದ. ಕೈಮುಗಿದ. ಬೀಗತಿಯ ರಟ್ಟೆ ಹಿಡಿದು ನಡೆಸಿಕೊಂಡು ಹೋಗಿ ಕಟ್ಟೆಯ ಮೇಲೆ ಕೂರಿಸಿ, ಮಗ್ಗುಲಲ್ಲಿ ಡಬ್ಬಿ ಇಟ್ಟು, ಒಳಗೆ ಬಂದು ಚಿಲಕ ಹಾಕಿದ.

ಒಲೆಯ ಮುಂದಿದ್ದ ಫಕೀರವ್ವ ಓಡಿ ಬಂದಳು. “ಅಯ್ಯೋ ಶಿವನೇ! ಬೀಗತಿಯನ್ನ ಹೊರಗ ಹಾಕಿದ್ಯಾ? ಮಗಳ ಬಾಳು ಏನಾಗಬೇಕು!” ಚಿಲಕ ತೆಗೆದು ಹೊಸ್ತಿಲ ಮೇಲೆ ನಿಂತು ಕೈಮುಗಿದಳು. “ಸಿಟ್ಟಾಗಬ್ಯಾಡ್ರಿ ಬೀಗತಿಯಾರ. ನೀವು ಅಂದದ್ದು ಖರೇನಽ ಐತ್ರಿ. ಹಾಲು ಸಾಲವಲ್ದು...”

ಮಾತು ಪೂರಾ ಆಗುವುದರೊಳಗೆ ಅವಳೂ ಕಟ್ಟೆಯ ಮೇಲಿದ್ದಳು. ಚಿಲಕ ಬಿತ್ತು.

“ಲೇ ದ್ಯಾಮಾ! ಬಾಗಲಾ ತಗೀ! ನಾ ನಿಮ್ಮವ್ವ ಅದೀನಿ!”

“ತಗಿಯೂದಿಲ್ಲ! ಯಾರೇ ಇರ್ಲಿ ಅಂತ ನಮ್ಮವ್ವ ಹೇಳ್ಯಾಳ!”

ಬೀಗತಿಯರಿಬ್ಬರೂ ಬಾಗಿಲು ಬಡಿದರು, ಬೈದರು, ಬೇಡಿಕೊಂಡರು. ಒಳಗೆ ನೀಲವ್ವ ಅವ್ವ ಮಾಡಿಟ್ಟಿದ್ದ ರೊಟ್ಟಿಗೆ ಪಲ್ಯ ಹಚ್ಚಿಕೊಂಡು ಹೊಟ್ಟೆ ತುಂಬ ಉಂಡಳು. ತಂಬಿಗೆ ನೀರು ಗಟಗಟ ಕುಡಿದಳು. ಸಂಗವ್ವ ಹೇಳಿದಂತೆ ಕೂಸನ್ನು ಹೊಟ್ಟೆಗೆ ಹೊಟ್ಟೆ ತಾಗುವಂತೆ ಹಿಡಿದಳು. ನೋಡುವವರಿಲ್ಲ, ಲೊಚಗುಟ್ಟುವವರಿಲ್ಲ. ಕೂಸು ಗುಟುಕು ಗುಟುಕಾಗಿ ಕುಡಿಯಿತು, ಕುಡಿದು ಮಲಗಿತು. ಅವಳೂ ಮಲಗಿದಳು.

ಬಿಸಿಲು ಇಳಿದ ಮೇಲೆ ನೀಲವ್ವ ಎದ್ದಳು. ಕೂಸೂ ಎದ್ದು ಬಾಯಿ ತೆರೆಯಿತು. ಎದೆ ಬಿಗಿದು ರವಿಕೆ ತೊಯ್ದಿತ್ತು, ಹಾಲು ಇಳಿದಿತ್ತು! ಕೂಸನ್ನು ಎತ್ತಿಕೊಳ್ಳುತ್ತಾ ನಕ್ಕಳು. “ಅಣ್ಣಾ, ಅವ್ವ ಇನ್ನೂ ಒಳಗ ಬಂದಿಲ್ಲೇನು?”

“ಹೊರಗ ಹಾಕೀನಿ.”

“ಯಾಕೋ ಅಣ್ಣಾ?”

“‘ಹಾಲು ಸಾಲವಲ್ದು’ ಅಂದ್ಲು.”

ಅಂದವನೇ ದ್ಯಾಮಣ್ಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಅಯ್ಯೋ! ಆ ಮಾತು ಈಗ ಅವನ ಬಾಯಿಂದಲೇ ಬಂದಿತ್ತು! ಯಾರೇ ಇರಲಿ ಅಂದಮೇಲೆ ಯಾರೇ ಇರಲಿ. ತನ್ನ ರಟ್ಟೆಯನ್ನು ತಾನೇ ಹಿಡಿದುಕೊಂಡ, ತನ್ನನ್ನು ತಾನೇ ದರದರ ಎಳೆದುಕೊಂಡು ಹೊಸ್ತಿಲು ದಾಟಿದ. “ತಂಗಿ, ನನ್ನನ್ನ ಹೊರಗ ಹಾಕೀನಿ. ನೀ ಒಳಗಿಂದ ಚಿಲಕ ಹಾಕ್ಕೋವಾ!”

ನೀಲವ್ವ ಕೂಸನ್ನು ಎದೆಗೆ ಹಚ್ಚಿಕೊಂಡೇ ಎದ್ದು ಬಂದು ಚಿಲಕ ಹಾಕಿದಳು.

ಈಗ ಕಟ್ಟೆಯ ಮೇಲೆ ಮೂವರು. ಬೀಗತಿ ಡಬ್ಬಿ ಹಿಡಿದು ಕೂತಿದ್ದಾಳೆ. ಫಕೀರವ್ವ ಹಣೆ ಹಿಡಿದು ಕೂತಿದ್ದಾಳೆ. ಒಳಗಿಂದ ಕೂಸು ಕುಡಿಯುವ ಸಪ್ಪಳ ಬಿಟ್ಟರೆ ಏನೂ ಇಲ್ಲ. ಫಕೀರವ್ವ ಮಗನಿಗೆ ಬೈಯಲು ಬಾಯಿ ತೆರೆದಳು.

“ಯವ್ವಾ, ನೋಡಿ ಮಾತಾಡು,” ಅಂದ ದ್ಯಾಮಣ್ಣ. “ಮತ್ತ ಅದಽ ಮಾತು ಬಂತಂದ್ರ ಕಟ್ಟಿ ಬಿಟ್ಟೂ ಇಳಿಸಬೇಕಾಗತೈತಿ.”

ಫಕೀರವ್ವ ಬಾಯಿ ಮುಚ್ಚಿದಳು. ಇದು ಕತೆ. ನಿಮ್ಮಲ್ಲಿ ಯಾರಿಗಾದರೂ ಬಾಣಂತಿಗೆ ಇನ್ನೊಂದು ಬುದ್ಧಿಮಾತು ಹೇಳುವುದಿದ್ದರೆ, ಕಟ್ಟೆಯ ಮೇಲೆ ಇನ್ನೂ ಜಾಗವಿದೆ, ಹೋಗಿ ಕೂತುಕೊಳ್ಳಿ.