ದಫೇದಾರನ ಬಾಣಂತನ

ಕೂತ್ಕೊಳ್ಳಿ, ಹೇಳ್ತೀನಿ. ನಡುವೆ ಯಾರೂ ಬಾಯಿ ಹಾಕಬಾರದು. ಹಾಕಿದ್ರೆ ಎದ್ದು ಹೋಗ್ತೀನಿ, ಉಳಿದ ಕತೇನ ನೀವೇ ಕಟ್ಕೊಳ್ಳಿ. ಇದು ಮೇದರ ಕೇತನ ಕತೆ. ಊರೆಲ್ಲ ಅವನನ್ನ ಪೆದ್ದ ಅನ್ನುತ್ತೆ. ಅನ್ನಲಿ. ನನಗೆ ಮಾತ್ರ ಅವನನ್ನ ಕಂಡ್ರೆ ಭಾಳ ಗೌರವ.

ಮೇದರ ಬೀದೀಲಿ ಮಲ್ಲಾಜಮ್ಮ ಅಂತ ಒಬ್ಬಳು. ಬಿದಿರು ಸೀಳಿ ಬುಟ್ಟಿ, ಮೊರ ಹೆಣೆದು ಸಂತೇಲಿ ಮಾರೋಳು. ಗಂಡ ಇಲ್ಲ. ಇರೋನು ಒಬ್ಬನೇ ಮಗ, ಕೇತ. ಮೂವತ್ತು ದಾಟಿದ ಆಳು. ಸೋಮಾರಿತನ ಅನ್ನೋದು ಮೈಯಲ್ಲಿ ಸಾಸಿವೆ ಕಾಳಿನಷ್ಟೂ ಇಲ್ಲ. ಆದರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ, ಅದೇ ಅವನ ಕಾಯಿಲೆ. ಒಂದಿನ ಅವ್ವ "ನೀರು ತಂದು ತುಂಬಿಸ್ತಾ ಇರು" ಅಂತ ಹೇಳಿ ಸಂತೆಗೆ ಹೋದ್ಲು. ಸಾಕು ಅನ್ನೋಕೆ ಮನೇಲಿ ಯಾರೂ ಇಲ್ಲ. ವಾಪಸ್ ಬಂದು ನೋಡ್ತಾಳೆ, ಹಂಡೆ ತುಂಬಿದೆ, ಕೊಡ ತುಂಬಿದೆ, ಒರಳುಕಲ್ಲು ತುಂಬಿದೆ, ಅಕ್ಕಿ ಡಬ್ಬಾನೂ ತುಂಬಿದೆ.

"ನಿನಗೆ ಬುದ್ಧಿ ಯಾವತ್ತು ಬರುತ್ತೋ ಕೇತಾ?"

"ಬಂದ ದಿನ ಹೇಳ್ತೀನಿ ಕಣವ್ವ."

ಹಿಂಗಿರೋವಾಗ ಮಲ್ಲಾಜಮ್ಮನ ಎರಡು ಕಣ್ಣಿಗೂ ಪೊರೆ ಬಂತು. ಬಿದಿರಿನ ಸೀಳು ಕಾಣದೆ ಬೆರಳು ಕೊಯ್ಕೊಳ್ಳೋಳು. ಹೆಣೆದ ಬುಟ್ಟಿ ಸೊಟ್ಟಗಾಗೋದು. ಕಣ್ಣಿನ ಡಾಕ್ಟ್ರು ಒಂದೇ ಮಾತು ಹೇಳಿದ್ರು: "ಆಪರೇಷನ್ ಮಾಡಿದ್ರೆ ಕಾಣುತ್ತೆ. ಆದರೆ ಆಮೇಲೆ ಯಾರಾದ್ರೂ ಹತ್ತಿರ ಇದ್ದು ಹುಷಾರಾಗಿ ನೋಡ್ಕೋಬೇಕು." ಯಾರಾದ್ರೂ ಅಂದ್ರೆ ಯಾರು? ಕೇತ. ಅಷ್ಟು ಕೇಳಿದ್ದೇ ಮಲ್ಲಾಜಮ್ಮ ಎದ್ದು ಮನೆಗೆ ಬಂದ್ಲು. ಇವನ ಕೈಗೆ ಕಣ್ಣು ಕೊಟ್ರೆ ಇರೋ ಮಬ್ಬು ಬೆಳಕೂ ಹೋಗುತ್ತೆ ಅಂತ ಎರಡು ವರ್ಷ ತಳ್ಳಿಕೊಂಡು ಬಂದ್ಲು, ಪಾಪ.

ಮನೇಲಿ ಒಂದು ಗಂಡು ನಾಯಿ ಇತ್ತು. ಪೊಲೀಸಿನೋರ ಹಾಗೆ ಎದೆ ಸೆಟೆಸ್ಕೊಂಡು ಬೀದಿ ತಿರುಗ್ತಿತ್ತಲ್ಲ, ಅದಕ್ಕೆ ದಫೇದಾರ ಅಂತ ಹೆಸರು. ಊರಲ್ಲಿ ಯಾವ ಹೆಣ್ಣು ನಾಯಿ ಬೆದೆಗೆ ಬಂದ್ರೂ ಇವನು ಹಾಜರ್. ಕಿವಿ ಹರ್ಕೊಂಡು ಬರೋನು, ಕಾಲು ಕಚ್ಚಿಸ್ಕೊಂಡು ಬರೋನು. ಒಂದ್ಸಲ ಲಾರಿ ಗಾಲಿಯಿಂದ ಕೂದಲೆಳೆಯಲ್ಲಿ ಉಳ್ಕೊಂಡ. ದನದ ಆಸ್ಪತ್ರೆ ಡಾಕ್ಟ್ರಮ್ಮ ನೋಡಿ, "ಬೀಜ ತೆಗೆಸಿಬಿಡಿ. ಅಲೆಯೋದು ನಿಲ್ಲುತ್ತೆ, ನಾಲ್ಕು ದಿನ ಹೆಚ್ಚಿಗೆ ಬದುಕ್ತಾನೆ" ಅಂದ್ರು.

ಆಗ ಮಲ್ಲಾಜಮ್ಮನಿಗೆ ಒಂದು ಯೋಚನೆ ಬಂತು. ಮಗನನ್ನ ಕೂರಿಸ್ಕೊಂಡು ಹೇಳಿದ್ಲು: "ನೋಡೋ, ಈ ನಾಯಿ ಆಪರೇಷನ್ ಆದ ಮೇಲೆ ಹತ್ತು ದಿನ ನೀನೇ ನೋಡ್ಕೋ. ಗಾಯ ನೆಟ್ಟಗೆ ಮಾಯ್ದು ಹೊಲಿಗೆ ಬಿಚ್ಚಿಸ್ಕೊಂಡು ಬಂದೆ ಅಂದ್ರೆ, ನನ್ನ ಕಣ್ಣಿನ ಆಪರೇಷನ್ನೂ ಮಾಡಿಸ್ಕೊತೀನಿ. ನಾಯಿ ಕೆಡಿಸ್ದೆ ಅಂದ್ರೆ, ನಾನು ಕುರುಡಿಯಾಗೇ ಸಾಯ್ತೀನಿ."

ಕೇತ ಅವ್ವನ ಮುಖ ನೋಡ್ದ. "ಆಯ್ತು ಕಣವ್ವ" ಅಂದ, ಅಷ್ಟೇ.

ಆಪರೇಷನ್ ಆಯ್ತು. ಡಾಕ್ಟ್ರಮ್ಮ ಹೇಳಿದ್ರು: "ಗಾಯ ನೆಕ್ಕಬಾರದು. ನೀರು ಸೋಕಬಾರದು. ಓಡಬಾರದು, ನೆಗೀಬಾರದು. ಇನ್ನೂ ಮತ್ತು ಇಳಿದಿಲ್ಲ, ನೆಲಕ್ಕೆ ಕಾಲು ಊರಿಸಬೇಡ, ಎತ್ತಿಕೊಂಡು ಹೋಗು." ಕೇತ ಎತ್ತಿಕೊಂಡ. ಮೂರು ಮೈಲಿ ನಡೆದು ಮನೆಗೆ ಬಂದ. ಬಂದೋನು ಇಳಿಸಲಿಲ್ಲ. ಮಧ್ಯಾಹ್ನ ಆಯ್ತು, ಸಾಯಂಕಾಲ ಆಯ್ತು, ನಡುಮನೇಲಿ ನಾಯಿ ಎತ್ತಿಕೊಂಡು ನಿಂತೇ ಇದ್ದಾನೆ. ದಫೇದಾರನಿಗೆ ಮತ್ತು ಇಳೀತು, ಉಚ್ಚೆ ಬಂತು, ಇವನ ಅಂಗಿ ಮೇಲೇ ಹುಯ್ದ.

"ಇಳಿಸಬಾರದೇನೋ?" ಅಂದ್ಲು ಅವ್ವ.

"ಎತ್ತಿಕೊಂಡು ಹೋಗು ಅಂದ್ರು. ಇಳಿಸು ಅಂತ ಅನ್ಲಿಲ್ಲ."

"ಥೂ ನಿನ್ನ. ಹಿಡ್ಕೊಂಡು ನಿಲ್ಲೋದಲ್ಲ ಕಣೋ. ಹಗ್ಗ ಕಟ್ಟಿ, ಕೈಲಿ ಭದ್ರವಾಗಿ ಹಿಡ್ಕೊಂಡು, ಮೆಲ್ಲಗೆ ಹೊರಗೆ ಕರ್ಕೊಂಡು ಹೋಗಬೇಕು. ಹಿಡಿದ ಕೈ ಬಿಡಬಾರದು, ತಿಳೀತಾ?"

"ತಿಳೀತು ಕಣವ್ವ. ಹಿಡಿದ ಕೈ ಬಿಡಬಾರದು."

ಮಾರನೇ ದಿನ ಅವ್ವ ಸಂತೆಗೆ ಹೋದ್ಲು. ಸಂಜೆ ಬಂದು ನೋಡ್ತಾಳೆ, ಜಗಲಿ ಮೇಲೆ ಕೇತ ಕೂತಿದ್ದಾನೆ, ಎದುರಿಗೆ ದಫೇದಾರ ಕೂತಿದ್ದಾನೆ. ದಫೇದಾರನ ನಾಲಿಗೆ ಕೇತನ ಕೈಯಲ್ಲಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ತಾ ಇದ್ದಾರೆ.

"ಇದೇನೋ ಇದು?"

"ಗಾಯ ನೆಕ್ಕೋಕೆ ಹೋದ ಕಣವ್ವ. ಅದಕ್ಕೆ ನಾಲಿಗೆ ಹಿಡ್ಕೊಂಡೆ. ಹಿಡಿದ ಕೈ ಬಿಡಬಾರದು ಅಂದಿದ್ಯಲ್ಲ."

"ಎಷ್ಟೊತ್ತಿಂದ?"

"ನೀನು ಹೋದಾಗಿಂದ. ಆಗಾಗ ಇನ್ನೊಂದು ಕೈಲಿ ಬಾಯಿಗೆ ನೀರು ಹಾಕ್ದೆ, ಪಾಪ. ನಾನು ಊಟಕ್ಕೆ ಏಳಲಿಲ್ಲ."

ನಗಬೇಡಿ. ಬೆಳಗಿಂದ ಸಂಜೆತನಕ ಉಪವಾಸ ಕೂತು ನಾಯಿ ನಾಲಿಗೆ ಹಿಡಿಯೋರು ನಿಮ್ಮ ಮನೇಲಿ ಎಷ್ಟು ಜನ ಇದ್ದಾರೆ? ಆ ನಾಯೀನೂ ಮೆಚ್ಚಬೇಕು, ಒಂದ್ಸಲಾನೂ ಕಚ್ಚಲಿಲ್ಲ.

ಮಲ್ಲಾಜಮ್ಮ ಹಣೆ ಚಚ್ಕೊಂಡ್ಲು. "ನಾಲಿಗೆ ಹಿಡಿಯೋದಲ್ಲ ಕಣೋ ಮಂಕೆ. ಬುಟ್ಟಿ ತಳ ತೆಗೆದು ಕುತ್ತಿಗೆಗೆ ಹಾಕಬೇಕು. ಆಗ ಬಾಯಿ ಗಾಯದ ಹತ್ರ ಹೋಗೋಲ್ಲ."

ಕೇತ ಒಳಗೆ ಹೋದ. ಬುಟ್ಟಿ ತಳ ತೆಗೆದ. ಯಾವ ಬುಟ್ಟಿ ಅಂತ ಅವ್ವ ಹೇಳಿರಲಿಲ್ಲ. ಮುಂದಿನ ಸಂತೆಗೆ ಅಂತ ಹೆಣೆದಿಟ್ಟಿದ್ದ ಹದಿನಾರು ಬುಟ್ಟಿದೂ ತಳ ತೆಗೆದ. ಒಂದನ್ನ ದಫೇದಾರನ ಕುತ್ತಿಗೆಗೆ ಹಾಕಿದ, ಉಳಿದ ಹದಿನೈದನ್ನ ಸಾಲಾಗಿ ಜೋಡಿಸಿಟ್ಟ. ಮಲ್ಲಾಜಮ್ಮ ಆ ದಿನ ಬಯ್ಯಲಿಲ್ಲ. ಗೋಡೆಗೆ ಒರಗಿ ಕೂತು ಅತ್ತುಬಿಟ್ಲು.

ಬುಟ್ಟಿ ಹಾಕಿದ ಮೇಲೆ ದಫೇದಾರನ ಮುಖ ಸಪ್ಪಗಾಯ್ತು. ಅನ್ನ ಮುಟ್ಟಲಿಲ್ಲ, ಮೂಲೆ ಬಿಟ್ಟು ಬರಲಿಲ್ಲ. "ಅದಕ್ಕೆ ನೋವು ಕಣೋ" ಅಂದ್ಲು ಅವ್ವ, "ಬಾಣಂತಿನ ನೋಡ್ಕೊಳ್ಳೋ ಹಾಗೆ ನೋಡ್ಕೋಬೇಕು." ಹೇಳಿ, ಹೊಸ ಬಿದಿರು ತರೋಕೆ ಅಂತ ಹೋದ್ಲು.

ಕೇತ ನೆಟ್ಟಗೆ ಪಕ್ಕದ ಮನೆ ಹೊಂಬಾಳಮ್ಮನ ಹತ್ರ ಹೋದ. ಹೊಂಬಾಳಮ್ಮ ಊರಲ್ಲಿ ನಲವತ್ತು ಬಾಣಂತನ ಮಾಡಿದ ಕೈ.

"ಅತ್ತೆ, ಬಾಣಂತಿನ ಹೆಂಗೆ ನೋಡ್ಕೋಬೇಕು?"

ಯಾರು ಬಾಣಂತಿ ಅಂತ ಆಯಮ್ಮ ಕೇಳಲಿಲ್ಲ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ. ಪಟಪಟ ಹೇಳಿಬಿಟ್ಲು: ಕಿವಿಗೆ ಹತ್ತಿ ಇಡಬೇಕು, ತಲೆಗೆ ಬಟ್ಟೆ ಕಟ್ಟಬೇಕು, ಸಾಂಬ್ರಾಣಿ ಹೊಗೆ ಹಾಕಬೇಕು, ಮೆಣಸು ಬೆಳ್ಳುಳ್ಳಿ ಸಾರು ಕೊಡಬೇಕು, ದಿನಾ ಬಿಸಿನೀರು ಎರೀಬೇಕು.

ಮಲ್ಲಾಜಮ್ಮ ಬಿದಿರು ಹೊತ್ಕೊಂಡು ಬಂದಾಗ ಬಾಗಿಲಿಂದ ಹೊಗೆ ಬರ್ತಿತ್ತು. ಒಳಗೆ ಹೊಂಬಾಳಮ್ಮ ಒಂದು ಬಟ್ಟಲು ಬೆಣ್ಣೆ ಹಿಡ್ಕೊಂಡು ನಿಂತಿದ್ಲು, ಬಾಣಂತಿ ನೋಡೋಕೆ ಬಂದಿದ್ಲು. ಮಂಚದ ಮೇಲೆ ದಫೇದಾರ ಮಲಗಿದ್ದ. ಕಿವಿಗೆ ಹತ್ತಿ, ತಲೆಗೆ ಮಲ್ಲಾಜಮ್ಮನ ಹಳೇ ಸೀರೆ ತುಂಡು, ಕುತ್ತಿಗೆಗೆ ಬುಟ್ಟಿ.

"ಮಗು ಎಲ್ಲೋ ಕೇತಾ?" ಅಂದ್ಲು ಹೊಂಬಾಳಮ್ಮ.

"ಮಗು ಆಗದ ಹಾಗೇ ಮಾಡಿದ್ದಾರೆ ಅತ್ತೆ."

ಮಲ್ಲಾಜಮ್ಮನಿಗೆ ಬೇರೆ ಯಾವುದೂ ಕಿವಿಗೆ ಬೀಳಲಿಲ್ಲ. ಹಂಡೆ ಒಲೆ ಉರೀತಿತ್ತು, ಬಚ್ಚಲೆಲ್ಲ ಒದ್ದೆ. ನೀರು ಸೋಕಿದ್ರೆ ಗಾಯ ಕೀವಾಗುತ್ತೆ, ನಾಯಿ ಹೋಗುತ್ತೆ, ಅದರ ಜೊತೆಗೆ ತನ್ನ ಕಣ್ಣೂ ಹೋಯ್ತು ಅಂದ್ಕೊಂಡ್ಲು. "ನೀರು ಎರೆದೆಯೇನೋ?" ಅಂತ ಕೂಗಿದ್ಲು.

"ಎರೆದೆ ಕಣವ್ವ."

ಓಡಿಹೋಗಿ ನಾಯಿ ಮೈ ಸವರಿದ್ಲು. ಬೆಚ್ಚಗೆ, ಒಣಗಿದೆ. ತಿರುಗಿ ನೋಡಿದ್ಲು. ಕೇತನ ತಲೆಯಿಂದ ನೀರು ತೊಟ್ಟಿಕ್ತಾ ಇದೆ, ಮೈಯೆಲ್ಲ ಕೆಂಪಗಾಗಿದೆ.

"ಬಾಣಂತಿಗೆ ದಿನಾ ಎರೀಬೇಕು ಅಂದ್ರು ಅತ್ತೆ. ದಫೇದಾರನಿಗೆ ನೀರು ಸೋಕಬಾರದು ಅಂದ್ರು ಡಾಕ್ಟ್ರಮ್ಮ. ಅದಕ್ಕೆ ಅವನ ಬದಲು ನಾನು ಎರ್ಕೊಂಡೆ. ಬೆಳ್ಳುಳ್ಳಿ ಸಾರು ಅವನು ಮೂಸೂ ನೋಡಲಿಲ್ಲ. ಅದನ್ನೂ ನಾನೇ ಕುಡಿದೆ."

ಇಬ್ಬರು ಎರಡು ಮಾತು ಹೇಳಿದ್ರೆ ಎಂಥಾ ಎಂಥಾ ಓದಿದೋರೂ ಒಂದನ್ನ ಬಿಡ್ತಾರೆ. ಇವನು ಎರಡನ್ನೂ ನಡೆಸಿದ, ಉರಿ ಮಾತ್ರ ತಾನು ತಗೊಂಡ.

ಹೊಂಬಾಳಮ್ಮ ಬೆಣ್ಣೇನ ದಫೇದಾರನ ಮುಂದೆ ಇಡದೆ ಕೇತನ ಕೈಗೇ ಕೊಟ್ಟು ಹೋದ್ಲು. ಮಲ್ಲಾಜಮ್ಮ ಸೆರಗಲ್ಲಿ ಮಗನ ತಲೆ ಒರೆಸ್ತಾ ಬೈದ್ಲು: "ಬಾಣಂತನ ಸಾಕು. ಇನ್ನು ಏನೂ ಮಾಡಬೇಡ. ಅವನ ಜೊತೇಲಿ ಇರು. ಅವನಿಗೆ ಆಗದ್ದನ್ನ ನೀನು ಮಾಡು, ಅಷ್ಟು ಸಾಕು."

"ಆಯ್ತು ಕಣವ್ವ. ಅವನಿಗೆ ಆಗದ್ದನ್ನ ನಾನು ಮಾಡ್ತೀನಿ."

ಆವತ್ತಿಂದ ಕೇತನೂ ಒಂದು ತಳ ಇಲ್ಲದ ಬುಟ್ಟಿ ಕುತ್ತಿಗೆಗೆ ಹಾಕ್ಕೊಂಡ. ಜೊತೇಲಿ ಇರು ಅಂದಿದ್ಲಲ್ಲ. ಇಬ್ಬರೂ ಒಟ್ಟಿಗೆ ಊಟ, ಒಟ್ಟಿಗೆ ನಿದ್ದೆ. ದಫೇದಾರನೂ ಅನ್ನ ತಿನ್ನೋಕೆ ಶುರು ಮಾಡಿದ.

ಎಂಟನೇ ದಿನ ಬೆಳಿಗ್ಗೆ ಅವನ ಹಳೇ ವೈರಿಗಳು ಬಂದ್ವು. ಬೀದಿ ನಾಯಿಗಳು, ಐದೋ ಆರೋ. ಜಗಲಿ ಕೆಳಗೆ ನಿಂತು ಗುರ್ ಅಂದ್ವು. ದಫೇದಾರನ ಮೈ ಕೂದಲು ನಿಮಿರ್ತು. ಎದ್ದ. ಈಗ ನೆಗೆದ್ರೆ ಹೊಲಿಗೆ ಕಿತ್ಹೋಗೋದೇ. ಮಲ್ಲಾಜಮ್ಮ ಒಳಗೆ ಕೋಲು ಹುಡುಕೋಕೆ ಹೋಗಿ, ಕಣ್ಣು ಕಾಣದೆ ಮೊರ ಎಡವಿದ್ಲು.

ಅಷ್ಟರಲ್ಲಿ ಬೊಗಳೋದು ಕೇಳಿಸ್ತು. ಅಂಥಾ ಬೊಗಳು ಆ ಊರಲ್ಲಿ ಯಾವ ನಾಯೀನೂ ಬೊಗಳಿರಲಿಲ್ಲ. ಕೇತ ನಾಲ್ಕು ಕಾಲಲ್ಲಿ ಜಗಲಿಯಿಂದ ಬೀದಿಗೆ ನೆಗೆದಿದ್ದ, ಕುತ್ತಿಗೆಗೆ ಬುಟ್ಟಿ. ಬೀದಿ ನಾಯಿಗಳಿಗೆ ಇದು ಯಾವ ಪ್ರಾಣಿ ಅಂತ ತಿಳೀಲಿಲ್ಲ. ಬಾಲ ಮುದುರ್ಕೊಂಡು ಓಡಿದ್ವು, ಆ ವಾರ ಆ ಕಡೆ ಬರಲಿಲ್ಲ. ದಫೇದಾರ ನಿಂತಲ್ಲೇ ಕೂತ.

"ಅವನು ನೆಗೆಯೋ ಹಾಗಿಲ್ಲ ಕಣವ್ವ" ಅಂದ ಕೇತ, ಮಂಡಿ ತರಚಿ ರಕ್ತ ಬಂದಿತ್ತು, "ಅದಕ್ಕೆ ನಾನು ನೆಗೆದೆ."

ಹತ್ತನೇ ದಿನ ದನದ ಆಸ್ಪತ್ರೆಗೆ ಹೋದ್ರು. ದಫೇದಾರನ ಜೊತೆ ಒಂದೇ ದಿನ ಆಪರೇಷನ್ ಆದ ನಾಯಿಗಳು ಇನ್ನೂ ಏಳು ಬಂದಿದ್ವು. ಒಂದು ನೆಕ್ಕಿ ಗಾಯ ಬಿಚ್ಕೊಂಡಿತ್ತು, ಒಂದಕ್ಕೆ ಊತ, ಒಂದಕ್ಕೆ ಕೀವು. ದಫೇದಾರನ ಗಾಯ ನೋಡಿ ಡಾಕ್ಟ್ರಮ್ಮ ಕನ್ನಡಕ ತೆಗೆದು ಒರೆಸ್ಕೊಂಡು ಇನ್ನೊಂದ್ಸಲ ನೋಡಿದ್ರು. ಹೊಲಿಗೆ ಬಿಚ್ಚಿದ್ರು, ನಾಯಿ ತಲೆ ಸವರಿದ್ರು, ಬಾಯಿಗೆ ಒಂದು ಬಿಸ್ಕತ್ತು ಇಟ್ರು.

"ನೋಡ್ಕೊಂಡ್ರೆ ಹಿಂಗೆ ನೋಡ್ಕೋಬೇಕು ಕಣಪ್ಪ" ಅಂದ್ರು ಕೇತನಿಗೆ. "ಮನುಷ್ಯರನ್ನೂ ಹಿಂಗೇ ನೋಡ್ಕೋಬೇಕು."

ಅವರು ಮೆಚ್ಚಿ ಅಂದ ಮಾತು. ಕೇತ ಗಟ್ಟಿಯಾಗಿ ನೆನಪಿಟ್ಕೊಂಡ.

ಮಲ್ಲಾಜಮ್ಮ ಆಡಿದ ಮಾತು ತಪ್ಪೋಳಲ್ಲ. ಮುಂದಿನ ವಾರವೇ ಬಲಗಣ್ಣಿನ ಆಪರೇಷನ್ ಮಾಡಿಸ್ಕೊಂಡ್ಲು. ಕಣ್ಣಿನ ಡಾಕ್ಟ್ರು ಕೇತನ್ನ ಕರೆದು ಹೇಳಿದ್ರು: "ಕಣ್ಣು ಉಜ್ಜಬಾರದು. ನೀರು ಸೋಕಬಾರದು. ಬಗ್ಗಬಾರದು. ದಿನಾ ಔಷಧಿ ಹನಿ ಹಾಕಬೇಕು."

"ಗೊತ್ತು ಬಿಡಿ ಸಾರ್" ಅಂದ ಕೇತ. "ನಮ್ಮ ದಫೇದಾರನಿಗೂ ಇದನ್ನೇ ಹೇಳಿದ್ರು."

ಪಟ್ಟಿ ಕಟ್ಟಿದ ಕಣ್ಣಲ್ಲಿ ಮಲ್ಲಾಜಮ್ಮ ಹೊರಗೆ ಬಂದ್ಲು. ಬಂದೋಳ ಕುತ್ತಿಗೆಗೆ ಬಿತ್ತು ತಳ ಇಲ್ಲದ ಬುಟ್ಟಿ.

"ನಾನೇನು ನಾಯಿಯೇನೋ? ತೆಗಿಯೋ ಇದನ್ನ."

ಕೇತ ತಲೆ ಸವರಿದ. "ಹುಷ್. ಮೊದಲನೇ ದಿನ ಅವನೂ ಹಿಂಗೇ ಆಡಿದ."

ಮೂರು ಮೈಲಿ ಅವ್ವನ್ನ ಎತ್ತಿಕೊಂಡೇ ಬಂದ. ಬೀದಿಗೆ ಬೀದಿಯೇ ನಿಂತು ನೋಡ್ತು. ಮನೆಗೆ ಬಂದು ಮಂಚದ ಮೇಲೆ ಇಳಿಸಿದ. ಇಳಿಸೋದನ್ನ ಈಗ ಕಲ್ತಿದ್ದ. ಪಟ್ಟಿ ಬಿಚ್ಚಿದ ಮೇಲೂ ಬುಟ್ಟಿ ಬಿಚ್ಚಲಿಲ್ಲ. ಮಲ್ಲಾಜಮ್ಮನಿಗೆ ನಿದ್ದೇಲಿ ಕಣ್ಣು ಉಜ್ಜೋ ಅಭ್ಯಾಸ. ಕೈ ಮೇಲಕ್ಕೆ ಬರೋದು, ಬುಟ್ಟಿಗೆ ತಗಲೋದು, ಹಿಂದಕ್ಕೆ ಹೋಗೋದು. ಅನ್ನ ಅವನು ಬೇಯಿಸಿದ, ಹನಿ ಅವನು ಹಾಕಿದ, ನೀರು ಅವಳ ಬದಲು ಅವನೇ ಎರ್ಕೊಂಡ. ಅವಳು ಬಯ್ಯೋಳು, ಅವನು ತಲೆ ಸವರೋನು.

ಹತ್ತು ದಿನ ಬಿಟ್ಟು ತೋರಿಸೋಕೆ ಹೋದ್ರು. ಡಾಕ್ಟ್ರು ಬೆಳಕು ಬಿಟ್ಟು ನೋಡಿ, "ಕಣ್ಣು ಕನ್ನಡಿ ಇದ್ದ ಹಾಗಿದೆ ಅಮ್ಮ" ಅಂದ್ರು. ತಕ್ಷಣ ಕೇತ ಜೇಬಿಂದ ಬಿಸ್ಕತ್ತು ತೆಗೆದು, ಅಷ್ಟು ಜನರ ಮುಂದೆ ಅವ್ವನ ಬಾಯಿಗೆ ಇಟ್ಟ.

ಮಲ್ಲಾಜಮ್ಮ ಬಯ್ಯೋಕೆ ಅಂತ ತಲೆ ಎತ್ತಿದ್ಲು. ಎತ್ತಿದ್ರೆ ಮಗನ ಮುಖ ಕಾಣಿಸ್ತು. ಮೀಸೆ ಕಾಣಿಸ್ತು, ಮೀಸೇಲಿ ಎರಡು ಬಿಳಿ ಕೂದಲು ಕಾಣಿಸ್ತು, ಕುತ್ತಿಗೇಲಿ ಅವಳ ಜೊತೆಗೆ ಅಂತ ಹಾಕ್ಕೊಂಡಿದ್ದ ಬುಟ್ಟಿ ಕಾಣಿಸ್ತು. ಎಷ್ಟು ವರ್ಷ ಆಗಿತ್ತೋ ಆ ಮುಖ ನೆಟ್ಟಗೆ ನೋಡಿ. ಕಣ್ಣಿಗೆ ನೀರು ಸೋಕಬಾರದು ಅಂತ ಕಷ್ಟಪಟ್ಟು ತಡ್ಕೊಂಡ್ಲು. ಸುಮ್ಮನೆ ಬಿಸ್ಕತ್ತು ತಿಂದ್ಲು.

ಆ ಹೊಸ ಕಣ್ಣಲ್ಲಿ ಅವಳು ಹೆಣೆದ ಮೊದಲನೇ ಬುಟ್ಟಿ ಯಾವುದು ಗೊತ್ತಾ? ತಳ ಇಲ್ಲದ್ದು. ತನ್ನ ಕುತ್ತಿಗೆ ಅಳತೆಗೆ ತಾನೇ ಹೆಣ್ಕೊಂಡ್ಲು, ಅಂಚು ಚುಚ್ಚದ ಹಾಗೆ ಬಟ್ಟೆ ಸುತ್ತಿ. ಎಡಗಣ್ಣು ಬಾಕಿ ಇತ್ತಲ್ಲ.

ಎಡಗಣ್ಣಿನ ಆಪರೇಷನ್ ದಿನ ಮಲ್ಲಾಜಮ್ಮ ಬುಟ್ಟಿ ಹಾಕ್ಕೊಂಡೇ ಹೊರಟ್ಲು. ಅವಳ ಜೊತೆಗಿರೋಕೆ ಕೇತ ತನ್ನದನ್ನ ಹಾಕ್ಕೊಂಡ. ಇವನ ಜೊತೆಗಿರಲಿ ಅಂತ ದಫೇದಾರನಿಗೂ ಒಂದು ಹಾಕಿದ. ಮೂವರೂ ಸಾಲಾಗಿ ಕಣ್ಣಾಸ್ಪತ್ರೆ ಬಾಗಿಲಿಗೆ ಹೋಗಿ ನಿಂತ್ರು. ನರ್ಸಮ್ಮ ಒಬ್ಬೊಬ್ಬರನ್ನಾಗಿ ಮೂವರನ್ನೂ ನೋಡಿ, "ಆಪರೇಷನ್ ಯಾರಿಗೆ?" ಅಂದ್ಲಂತೆ.

ದಫೇದಾರ ಮೆಲ್ಲಗೆ ಎರಡು ಹೆಜ್ಜೆ ಹಿಂದಕ್ಕೆ ಸರಿದನಂತೆ.